ಬದುವಿನ ಮೇಲಿನ ಅವರೆ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ ಮೇಡಂ ಎಂದು ಕೇಳಿದರು. ಚೆನ್ನಾಗಿರುತ್ತದೆ ಎಂದೆ. ಕಾಫಿ ಕುಡಿದು ಹೋದರು. ಅವರು ಗೇಟು ಹಾಕಿಕೊಂಡು ಹೋದ ಮೇಲೆ, ಅಷ್ಟು ದೂರದಿಂದ ಬಂದವರಿಗೆ ಒಂದೇ ಮಾತು ಹೇಳಿ ಕಳಿಸಿದ್ದು ಸರಿಯಲ್ಲ ಅನ್ನಿಸಿತು. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ಬಂದವು, ಬಂದಾಗ ಕಚೇರಿಯಲ್ಲಿ ಮೈಸೂರುಪಾಕು ಹಂಚಿದೆ. ಅದರಿಂದ ಯಾರೂ ಏನೂ ಕಲಿಯುವಂಥದ್ದಿಲ್ಲ.

ನಾನು ಹೊಳೆನರಸೀಪುರದವಳು. ನಮ್ಮ ತಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳುತ್ತಿದ್ದರು. ಮನೆಯಲ್ಲಿ ತುಳಸಿ ಗಿಡ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಬೆಂಗಳೂರಿನಲ್ಲಿ ಕೃಷಿ ಪದವಿ ಓದಿ ಕೆಲಸಕ್ಕೆ ಸೇರುವಾಗ ಭತ್ತದ ರೋಗಗಳ ಹೆಸರೆಲ್ಲ ಬಾಯಿಗೆ ಬರುತ್ತಿದ್ದವು. ಗದ್ದೆಗೆ ಇಳಿಯುವಾಗ ಚಪ್ಪಲಿ ಬಿಡಬೇಕೋ ಹಾಕಿಕೊಂಡಿರಬೇಕೋ ಮಾತ್ರ ಗೊತ್ತಿರಲಿಲ್ಲ.

ಚಪ್ಪಲಿಯ ಮಹತ್ವ ಅರಕಲಗೂಡಿನಲ್ಲಿ ತಿಳಿಯಿತು. ನನ್ನ ಮೊದಲ ಕೆಲಸ ಅಲ್ಲಿ. ಅಲ್ಲಿದ್ದ ಮೇಲಧಿಕಾರಿ ಹಾಜರಿ ಪುಸ್ತಕವನ್ನು ನಂಬುತ್ತಿರಲಿಲ್ಲ. ಸಂಜೆ ನಾವು ಹಳ್ಳಿ ತಿರುಗಿ ಬರುವಾಗ ಬಾಗಿಲಲ್ಲಿ ನಿಂತು ನಮ್ಮ ಕಾಲು ನೋಡುತ್ತಿದ್ದರು. ಮಣ್ಣು ಮೆತ್ತಿದ್ದರೆ ಹೊಲಕ್ಕೆ ಹೋಗಿದ್ದೀರಿ ಎಂದು ಲೆಕ್ಕ. ನಮ್ಮ ಸಹೋದ್ಯೋಗಿಯೊಬ್ಬರು ಇದಕ್ಕೊಂದು ಸುಲಭ ದಾರಿ ಕಂಡುಕೊಂಡರು. ಬಸ್ ಸ್ಟ್ಯಾಂಡಿನ ನಲ್ಲಿಯ ಹತ್ತಿರ ಸದಾ ಕೆಸರಿರುತ್ತಿತ್ತು. ಮಧ್ಯಾಹ್ನವೆಲ್ಲ ಹೋಟೆಲಿನಲ್ಲಿ ಕೂತು, ಸಂಜೆ ಆ ಕೆಸರನ್ನು ಎರಡು ಸಲ ಮೆಟ್ಟಿ ಕಚೇರಿಗೆ ಬರುತ್ತಿದ್ದರು.

ಒಂದು ದಿನ ಮೇಲಧಿಕಾರಿ ಅವರ ಬೂಟುಗಳನ್ನು ಬಹಳ ಹೊತ್ತು ನೋಡಿದರು.

"ಈ ಮಣ್ಣಲ್ಲಿ ಏನು ಬೆಳೀಬಹುದು?" ಎಂದರು.

"ಆಲೂಗಡ್ಡೆ ಸಾರ್."

"ಇದು ನಲ್ಲಿ ಹತ್ತಿರದ ಕಪ್ಪು ಮಣ್ಣು ಕಣ್ರೀ. ನಿಮ್ಮ ಹಳ್ಳಿಗಳದ್ದು ಕೆಂಪು. ಹಚ್ಚಿಕೊಳ್ಳೋದಾದರೂ ಸರಿಯಾದ್ದು ಹಚ್ಚಿಕೊಳ್ಳಿ."

ಮಾರನೆಯ ದಿನದಿಂದ ಆ ಸಹೋದ್ಯೋಗಿ ನಿಜವಾಗಿ ಹೊಲಕ್ಕೆ ಹೋಗತೊಡಗಿದರು. ಕೆಂಪು ಮಣ್ಣು ಸಿಗುವುದು ಅಲ್ಲೇ. ಆಮೇಲೆ ಅವರು ಒಳ್ಳೆಯ ಅಧಿಕಾರಿಯಾದರು. ಆಲೂಗಡ್ಡೆಯ ಅಂಗಮಾರಿ ರೋಗವನ್ನು ಅವರಷ್ಟು ಬೇಗ ಗುರುತಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆಗ ನಮ್ಮ ಕೆಲಸ ರೈತರಿಗೆ ಹೇಳುವುದಾಗಿತ್ತು. ಯಾವ ಬೀಜ, ಎಷ್ಟು ಗೊಬ್ಬರ, ಯಾವಾಗ ಔಷಧಿ. ರೈತರು ಕೇಳಿಸಿಕೊಂಡು ತಮಗೆ ತೋಚಿದಂತೆ ಮಾಡುತ್ತಿದ್ದರು. ಬರಬರುತ್ತಾ ಕೆಲಸ ಬದಲಾಯಿತು. ಹೇಳುವುದು ಕಡಿಮೆಯಾಗಿ ಕೊಡುವುದು ಜಾಸ್ತಿಯಾಯಿತು. ಸಹಾಯಧನ, ಪರಿಹಾರ, ಪ್ರೋತ್ಸಾಹಧನ, ಬೆಂಬಲ ಬೆಲೆ. ಕೊಡುವುದು ಹೇಳುವುದಕ್ಕಿಂತ ಸುಲಭವಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಚನ್ನರಾಯಪಟ್ಟಣದಲ್ಲಿದ್ದಾಗ ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಹಣ ಹಾಕುವ ಯೋಜನೆ ಶುರುವಾಯಿತು. ನನಗೆ ಬರಲಿಲ್ಲ ಎನ್ನುವವರು ದಿನಾ ಬರುತ್ತಿದ್ದರು. ನನಗೆ ಯಾಕೆ ಬಂತು ಎಂದು ಕೇಳಲು ಬಂದವರು ಒಬ್ಬರೇ. ದಂಡಿಗನಹಳ್ಳಿ ಕಡೆಯ ನಿವೃತ್ತ ಹೆಡ್‌ಮಾಸ್ಟರು. ಸ್ವಲ್ಪ ತೆಂಗಿನ ತೋಟವಿತ್ತು.

"ನನಗೆ ಪಿಂಚಣಿ ಬರ್ತದೆ. ಪಿಂಚಣಿ ಬರೋರಿಗೆ ಈ ಹಣ ಇಲ್ಲ ಅಂತ ನಿಯಮ. ವಾಪಸ್ ತಗೊಳ್ಳಿ," ಎಂದು ಚೆಕ್ಕು ಮುಂದಿಟ್ಟರು.

ಕೊಡುವುದಕ್ಕೆ ನಮ್ಮಲ್ಲಿ ದಾರಿ ಇತ್ತು, ವಾಪಸ್ ತೆಗೆದುಕೊಳ್ಳುವುದಕ್ಕೆ ಇನ್ನೂ ಬಂದಿರಲಿಲ್ಲ. ಹಾಗೆಂದು ಹೇಳಿ ಕಾಫಿ ಕೊಟ್ಟೆವು. ಮುಂದಿನ ಕಂತು ಬಿದ್ದಾಗ ಮತ್ತೆ ಬಂದರು. ಅದರ ಮುಂದಿನದ್ದು ಬಿದ್ದಾಗಲೂ ಬಂದರು. ಬಂದಾಗಲೆಲ್ಲ ನಮ್ಮ ಸೂಚನಾ ಫಲಕದ ಕಾಗುಣಿತ ತಿದ್ದಿ ಹೋಗುತ್ತಿದ್ದರು. ಕೊನೆಗೊಂದು ದಿನ ಕಂಪ್ಯೂಟರಿನಲ್ಲಿ ವಾಪಸ್ ಮಾಡುವ ವ್ಯವಸ್ಥೆ ಬಂತು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿದೆ. ಕಾರಣ ಆರಿಸಿ ಎಂದು ಅದು ಕೇಳಿತು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ತೀರಿಕೊಂಡಿದ್ದಾರೆ. ಜಮೀನು ಮಾರಿದ್ದಾರೆ. ಊರು ಬಿಟ್ಟಿದ್ದಾರೆ.

"ನನಗೆ ಸಲ್ಲದ್ದು ಅಂತ ಇಲ್ವಲ್ಲ," ಎಂದರು.

"ಇತರೆ ಅಂತ ಇದೆ ಸಾರ್."

"ಇತರೆ ಹಾಕಿ," ಎಂದರು. ಆಮೇಲೆ ಅವರು ಬರಲಿಲ್ಲ. ಫಲಕದಲ್ಲಿ ಕಾಗುಣಿತ ಮತ್ತೆ ಕೆಟ್ಟಿತು.

ಇಷ್ಟು ಪೀಠಿಕೆ. ನಾನು ನಿಜವಾಗಿ ಹೇಳಬೇಕಾದದ್ದು ನನ್ನ ಕೊನೆಯ ಜಾಗವಾದ ಹೊಳೆನರಸೀಪುರ ತಾಲ್ಲೂಕಿನಲ್ಲಿ ನಡೆದದ್ದು. ಊರಿನ ನಿಜವಾದ ಹೆಸರು ಬೇಡ. ಕೊಪ್ಪಲು ಎಂದು ಕರೆಯೋಣ. ಮನುಷ್ಯರ ಹೆಸರುಗಳನ್ನೂ ಬದಲಾಯಿಸಿದ್ದೇನೆ.

ಹೊಸಬರಿಗೆ ಎರಡು ವಿಷಯ ಮೊದಲು ಹೇಳಬೇಕು. ರಾಗಿಗೆ ಸರ್ಕಾರ ಬೆಂಬಲ ಬೆಲೆ ಘೋಷಿಸುತ್ತದೆ. ಪೇಟೆಯಲ್ಲಿ ವ್ಯಾಪಾರಿ ಕೊಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಆ ಬೆಲೆಗೆ ಖರೀದಿ ಕೇಂದ್ರದಲ್ಲಿ ಮಾರಬೇಕಾದರೆ, ನಿಮ್ಮ ಹೊಲದಲ್ಲಿ ರಾಗಿ ಇತ್ತು ಎಂದು ಕಂಪ್ಯೂಟರು ಒಪ್ಪಬೇಕು. ಅದು ಒಪ್ಪುವುದು ಬೆಳೆ ಸಮೀಕ್ಷೆಯಿಂದ. ಬೆಳೆ ನಿಂತಿರುವಾಗ ಊರಿನವರೇ ಒಬ್ಬರು ಮೊಬೈಲು ಹಿಡಿದು ಪ್ರತಿ ಹೊಲಕ್ಕೂ ಹೋಗಿ ಫೋಟೋ ತೆಗೆಯುತ್ತಾರೆ. ಒಂದು ಹೊಲಕ್ಕೆ ಇಷ್ಟು ಎಂದು ಅವರಿಗೆ ಕೂಲಿ. ಫೋಟೋದಲ್ಲಿ ಕಂಡ ಬೆಳೆ ದಾಖಲಾಗುತ್ತದೆ. ತಪ್ಪಿದ್ದರೆ ರೈತ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಕೊಡುತ್ತಾರೆ. ಆ ದಿನಗಳಲ್ಲಿ ರೈತ ಸಾಮಾನ್ಯವಾಗಿ ಕಟಾವಿನಲ್ಲಿರುತ್ತಾನೆ.

ಕೊಪ್ಪಲಿನಲ್ಲಿ ಸಮೀಕ್ಷೆ ಮಾಡಿದವನು ಟೈಲರ್ ಸೋಮಣ್ಣ. ಒಳ್ಳೆಯ ಟೈಲರು. ಹಾವಿಗೆ ಹೆದರುತ್ತಿದ್ದ. ಎದೆಮಟ್ಟ ಬೆಳೆದ ರಾಗಿಯೊಳಗೆ ಇಳಿಯದೆ ಬದುವಿನ ಮೇಲೆ ನಿಂತು ಫೋಟೋ ತೆಗೆದ. ನಮ್ಮ ಕಡೆ ರಾಗಿ ಹೊಲದ ಬದುವಿನುದ್ದಕ್ಕೂ ಒಂದು ಸಾಲು ಅವರೆ ಹಾಕುವುದುಂಟು. ಮನೆಮಟ್ಟಿಗೆ ಸಾರಿಗಾಗುತ್ತದೆ. ಸೋಮಣ್ಣನ ಫೋಟೋಗಳಲ್ಲಿ ಮುಂದೆ ಅವರೆ ದಟ್ಟವಾಗಿ, ಹೂವಿನ ಸಮೇತ, ಬಹಳ ಚೆನ್ನಾಗಿ ಬಂದಿತ್ತು. ಹಿಂದೆ ಹಸಿರು ಏನೋ ಇತ್ತು. ಅವನು ಮೊಬೈಲಿನಲ್ಲಿ ರಾಗಿ ಎಂದೇ ತುಂಬಿದ್ದ. ದೂರದಲ್ಲಿ ಕೂತು ಫೋಟೋ ತಾಳೆ ನೋಡುವವರಿಗೆ ಫೋಟೋದಲ್ಲಿ ಅವರೆ ಕಂಡಿತು, ಅವರೆ ಎಂದು ತಿದ್ದಿದರು. ನೋಡಿದರೆ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು. ಒಂದು ಊರಿನ ರಾಗಿಯೆಲ್ಲ ಅವರೆಯಾಯಿತು.

ಇದು ಮೊದಲು ಗೊತ್ತಾದದ್ದು ಪುಟ್ಟತಾಯಮ್ಮನಿಗೆ. ಐವತ್ತರ ಆಸುಪಾಸಿನ ಹೆಂಗಸು, ಸ್ವಂತ ಜಮೀನನ್ನು ಸ್ವಂತವಾಗಿಯೇ ಮಾಡುತ್ತಿದ್ದಳು. ಕಟಾವು ಮುಗಿಸಿ ಖರೀದಿ ಕೇಂದ್ರಕ್ಕೆ ಹೆಸರು ನೋಂದಾಯಿಸಲು ಹೋದಳು. ಅಲ್ಲಿನ ಗುಮಾಸ್ತ ಕಂಪ್ಯೂಟರು ನೋಡಿ, "ನಿಮ್ಮ ಹೊಲದಲ್ಲಿ ಅವರೆ," ಎಂದ.

"ನಮ್ ಹೊಲ್ದಲ್ಲಿ ಯಾರವ್ರೆ? ಯಾರೂ ಇಲ್ಲ," ಎಂದಳು ಪುಟ್ಟತಾಯಮ್ಮ.

ಇದನ್ನು ಬಿಡಿಸಿಕೊಳ್ಳಲು ಅವರಿಬ್ಬರಿಗೂ ಸ್ವಲ್ಪ ಹೊತ್ತು ಹಿಡಿಯಿತಂತೆ. ಬಿಡಿಸಿಕೊಂಡ ಮೇಲೆ ಅವಳು ನೇರವಾಗಿ ನನ್ನ ಕಚೇರಿಗೆ ಬಂದಳು. ಕೈಯಲ್ಲಿ ಸೆರಗಿನ ಗಂಟು. ಬಿಚ್ಚಿ ಒಂದು ಬೊಗಸೆ ರಾಗಿಯನ್ನು ನನ್ನ ಮೇಜಿನ ಮೇಲೆ ಸುರಿದಳು.

"ಇದೇನು ಅಂತ ಯೋಳಿ ಮೇಡಂ."

"ರಾಗಿ."

"ಬರ್ಕೊಡಿ ಅಂಗಂತ."

ಆಕ್ಷೇಪಣೆಯ ಅವಧಿ ಮುಗಿದಿತ್ತು. ಹಾಗೆಂದು ಹೇಳಿದೆ. ಅವಳು ಎದ್ದು ಹೋಗಲಿಲ್ಲ. ನಾನು ಕಂಪ್ಯೂಟರಿನಲ್ಲಿ ಊರಿನ ಉಳಿದ ಹೊಲಗಳನ್ನು ನೋಡಿದೆ. ನಾಲೆಯ ಈಚೆಗಿದ್ದದ್ದೆಲ್ಲ ಅವರೆ. ನಾಲೆಯ ಆಚೆಯದು ಮಾತ್ರ ರಾಗಿ. ಆಚೆ ಕಡೆ ಎತ್ತರದ ಬದುಗಳಿರಲಿಲ್ಲ, ಸೋಮಣ್ಣ ವಿಧಿಯಿಲ್ಲದೆ ಹೊಲಕ್ಕೆ ಇಳಿದಿದ್ದ.

ಹಾಸನದಲ್ಲಿದ್ದ ನಮ್ಮ ಉಪನಿರ್ದೇಶಕರಿಗೆ ಫೋನು ಮಾಡಿದೆ. ಅವರ ಹೆಸರು ಚಂದ್ರಶೇಖರಯ್ಯ ಎಂದಿಟ್ಟುಕೊಳ್ಳಿ. ರೈತರ ಮನೆಯಿಂದ ಬಂದವರು. ನಗುತ್ತಿದ್ದುದನ್ನು ನಾನು ನೋಡಿಲ್ಲ, ಸಿಟ್ಟಾದದ್ದನ್ನೂ ನೋಡಿಲ್ಲ.

"ಸ್ಥಳ ಪರಿಶೀಲನೆ ಮಾಡಿ ತಿದ್ದಬಹುದು," ಎಂದರು. "ಆದರೆ ಬೆಳೆ ಕಾಣಬೇಕು. ಬೆಳೆ ಇದೆಯಾ?"

"ಕಟಾವಾಗಿದೆ ಸಾರ್."

"ಕೂಳೆ ಇದೆಯಾ?"

ಪುಟ್ಟತಾಯಮ್ಮನನ್ನು ಕೇಳಿದೆ. ಊರಿನಲ್ಲಿ ಬಹಳ ಜನ ಹಸಿ ಆರುವ ಮುಂಚೆ ಹೊಲ ಉತ್ತುಬಿಟ್ಟಿದ್ದರು. ಅವಳಿಗೆ ಟ್ರ್ಯಾಕ್ಟರಿನ ಪಾಳಿ ಸಿಕ್ಕಿರಲಿಲ್ಲ. ಅವಳ ಹೊಲದಲ್ಲಿ ಕೊಯ್ದ ರಾಗಿಯ ಬುಡಗಳು ಹಾಗೇ ನಿಂತಿದ್ದವು.

"ಹಾಗಾದರೆ ನಾವು ಬರುವ ತನಕ ಉಳಬೇಡಿ, ಮೇಯಿಸಬೇಡಿ," ಎಂದೆ.

"ಯಾವಾಗ ಬತ್ತೀರಾ?"

"ಬೇಗ ಬರ್ತೀವಿ."

ಸರ್ಕಾರಿ ಕೆಲಸದಲ್ಲಿ ಬೇಗ ಎನ್ನುವ ಮಾತನ್ನು ನೀವು ಹೇಳಬೇಡಿ. ಉಪನಿರ್ದೇಶಕರಿಗೆ ಸಭೆ ಬಂತು, ಆಮೇಲೆ ಮಂತ್ರಿಗಳ ಪ್ರವಾಸ ಬಂತು, ಆಮೇಲೆ ಜೀಪು ಕೆಟ್ಟಿತು. ಆ ದಿನಗಳೆಲ್ಲ ಪುಟ್ಟತಾಯಮ್ಮ ಕೂಳೆ ಕಾದಳು. ಕಟಾವಾದ ಹೊಲದಲ್ಲಿ ಊರ ಆಡುಕುರಿ ಮೇಯುವುದು ರೂಢಿ, ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಪಕ್ಕದ ಹೊಲದ ಕೆಂಚೇಗೌಡನಿಗೆ ಒಂದು ಹಿಂಡು ಆಡಿದ್ದವು. ಅವಳು ದೊಣ್ಣೆ ಹಿಡಿದು ಬದುವಿನ ಮೇಲೆ ಕೂತಿರುತ್ತಿದ್ದಳು.

"ರಾಗಿ ಮನೇಲೈತೆ, ಕಾವ್ಲು ಇಲ್ಲಿ. ಇವ್ಳಿಗೆ ತಲೆ ಕೆಟ್ಟದೆ ಕಣ್ಲಾ," ಎಂದು ಕೆಂಚೇಗೌಡ ದಾರಿಯಲ್ಲಿ ಹೋಗುವವರಿಗೆಲ್ಲ ತೋರಿಸುತ್ತಿದ್ದನಂತೆ. ಆಮೇಲೆ ಅವನೂ ಖರೀದಿ ಕೇಂದ್ರಕ್ಕೆ ಹೋಗಿ ಬಂದ. ಬಂದ ಮೇಲೆ ತೋರಿಸುವುದು ನಿಲ್ಲಿಸಿದ. ಅವನ ಹೊಲ ಆಗಲೇ ಉತ್ತಾಗಿತ್ತು.

ನಾವು ಕೊನೆಗೂ ಹೋದದ್ದು ಒಂದು ಬೆಳಿಗ್ಗೆ. ಉಪನಿರ್ದೇಶಕರು, ನಾನು, ಗ್ರಾಮ ಲೆಕ್ಕಿಗರು, ಸೋಮಣ್ಣ. ಊರಿಗೆ ಊರೇ ಅಲ್ಲಿತ್ತು. ಪುಟ್ಟತಾಯಮ್ಮನ ಹೊಲ ಸುತ್ತಲಿನ ಕೆಂಪು ಉಳುಮೆಯ ನಡುವೆ ಕ್ಷೌರ ಮಾಡಿಸದ ಗಡ್ಡದ ಹಾಗೆ ಕಾಣುತ್ತಿತ್ತು. ಬದುವಿನ ಮೇಲೆ ಅವರೆ ಸಾಲು ಇನ್ನೂ ಹಸಿರಾಗಿತ್ತು.

ಉಪನಿರ್ದೇಶಕರು ಪ್ಯಾಂಟು ಮಡಿಸಿಕೊಂಡು ಹೊಲಕ್ಕೆ ಇಳಿದರು. ಒಂದು ಕೂಳೆ ಕಿತ್ತು ಬೇರು ಕೊಡವಿ ನೋಡಿದರು. ಇನ್ನೊಂದು ಕಿತ್ತರು.

"ರಾಗಿ," ಎಂದರು.

ಪುಟ್ಟತಾಯಮ್ಮ ದೊಣ್ಣೆ ಕೆಳಗಿಟ್ಟಳು. ಸೋಮಣ್ಣ ತಾನು ಅವತ್ತು ನಿಂತಿದ್ದ ಜಾಗದಲ್ಲಿ ನಿಂತು ಮತ್ತೊಮ್ಮೆ ಫೋಟೋ ತೆಗೆದು ತೋರಿಸಿದ. ಅವತ್ತಿನಂತೆಯೇ ಅವರೆ ಮುಂದೆ ಬಂತು. ಮಹಜರು ಬರೆಯಲು ಕೂತೆವು. ಅವಳ ಹೊಲದ ದಾಖಲೆ ಸರಿಯಾಗುವುದು ಅಲ್ಲಿಗೆ ಖಾತ್ರಿಯಾಯಿತು.

"ನಮ್ದು ಸಾ?" ಎಂದು ಕೆಂಚೇಗೌಡ ಮುಂದೆ ಬಂದ.

ಉಪನಿರ್ದೇಶಕರು ಅವನ ಉತ್ತ ಹೊಲ ನೋಡಿದರು. "ಇಲ್ಲೇನೂ ಕಾಣ್ತಿಲ್ವಲ್ಲ."

"ರಾಗಿನೇ ಸಾ. ಊರೆಲ್ಲ ಯೋಳ್ತದೆ."

"ನೀವು ಹೇಳೋದು ನಿಜ ಅಂತ ನನಗೂ ಗೊತ್ತು. ನನಗೆ ಗೊತ್ತು ಅನ್ನೋದನ್ನ ಎಲ್ಲಿ ಬರೀಲಿ?"

ಊರಿನವರ ಮುಖ ನೋಡಲಾಗದೆ ನಾನು ಮಹಜರಿನ ಕಾಗದ ನೋಡುತ್ತಿದ್ದೆ. ಹೆಚ್ಚುಕಡಿಮೆ ಇಡೀ ಊರಿನ ವರ್ಷದ ಬೆಳೆ ಅರ್ಧ ಬೆಲೆಗೆ ವ್ಯಾಪಾರಿಯ ಪಾಲಾಗುತ್ತಿತ್ತು. ಒಬ್ಬಳದು ಮಾತ್ರ ಉಳಿದಿತ್ತು, ಅದೂ ಅವಳಿಗೆ ಟ್ರ್ಯಾಕ್ಟರು ಸಿಗದ ಕಾರಣಕ್ಕೆ.

ಕೆಂಚೇಗೌಡನಿಗೆ ಆ ಹೊತ್ತಿನಲ್ಲಿ ಬೇರೆ ಯಾರ ಮೇಲೂ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಪುಟ್ಟತಾಯಮ್ಮನ ಕಡೆ ತಿರುಗಿದ. "ಎಲ್ಲಾ ಈ ಅವರೆಯಿಂದ್ಲೇ ಆಗಿದ್ದು. ನಮ್ ಬದಿನ್ ಮ್ಯಾಲೆ ನೀನ್ಯಾಕೆ ಅವರೆ ಹಾಕ್ದೆ?"

"ನಿಮ್ ಬದ? ಇದು ನಮ್ ಬದ. ನಮ್ಮಾವ ಕಟ್ಟಿದ್ದು."

"ಕಲ್ಲು ಎಲ್ಲೈತೆ ನೋಡು. ಅರ್ಧ ನಂದು."

"ಬೀಜ ನಂದು. ಕಾಯಿ ಬುಡಿಸ್ಕೊಂಡು ಓಗೋದು ಮಾತ್ರ ನೀನು."

ಇದು ಹಳೆಯ ಜಗಳ. ಊರಿನವರು ಕೇಳಿಸಿಕೊಳ್ಳದೆ ಬೇರೆ ಕಡೆ ನೋಡುತ್ತಿದ್ದರು. ಉಪನಿರ್ದೇಶಕರು ಮಾತ್ರ ಕೇಳಿಸಿಕೊಳ್ಳುತ್ತಿದ್ದರು. ಅವರು ಸೋಮಣ್ಣನನ್ನು ಕರೆದು ಕೆಂಚೇಗೌಡನ ಹೊಲದ ಹಳೆಯ ಫೋಟೋ ತೋರಿಸಲು ಹೇಳಿದರು. ಪುಟ್ಟತಾಯಮ್ಮನದನ್ನೂ ತೋರಿಸಲು ಹೇಳಿದರು. ಬದುವಿನ ಮೇಲೆ ಹೋಗಿ ನಿಂತು ಒಮ್ಮೆ ಆ ಕಡೆ ತಿರುಗಿದರು, ಒಮ್ಮೆ ಈ ಕಡೆ ತಿರುಗಿದರು.

"ಮೇಡಂ, ಈ ಎರಡು ಫೋಟೋದಲ್ಲಿ ಇರೋದು ಒಂದೇ ಅವರೆ," ಎಂದರು.

ನನಗೆ ಆಗ ಅರ್ಥವಾಯಿತು. ಸೋಮಣ್ಣ ಒಂದೇ ಬದುವಿನ ಮೇಲೆ ನಿಂತು, ಎರಡು ಕಡೆ ತಿರುಗಿ, ಎರಡು ಹೊಲದ ಫೋಟೋ ತೆಗೆದಿದ್ದ. ಮುಂದಿನ ಬದುಗಳ ಮೇಲೂ ಹಾಗೇ ಮಾಡಿದ್ದ. ಪುಟ್ಟತಾಯಮ್ಮನ ಫೋಟೋದಲ್ಲಿರುವ ಅವರೆ ಬರೀ ಬದುವಿನದು ಎಂದು ಈಗ ಮಹಜರಿನಲ್ಲಿ ಬರೆದಾಗಿತ್ತು. ಅದೇ ಗಿಡಗಳು ಪಕ್ಕದ ಫೋಟೋದಲ್ಲಿ ಹೊಲದ ಬೆಳೆಯಾಗಲು ಸಾಧ್ಯವಿಲ್ಲ. ಅವಳದು ಸರಿಯಾದರೆ ಅವನದೂ ಸರಿಯಾಗಬೇಕು. ಅವನ ಇನ್ನೊಂದು ಪಕ್ಕದ ಬದುವಿನಿಂದ ಅವನಾಚೆಯವನದೂ ಸರಿಯಾಗಬೇಕು. ಹೀಗೆ ಬದುವಿನಿಂದ ಬದುವಿಗೆ ಹೋಗುತ್ತಾ ನಾಲೆಯವರೆಗೆ.

"ಆದರೆ ಈ ಸಾಲು ಇಬ್ಬರಿಗೂ ಸೇರಿದ್ದು ಅಂತ ಇಬ್ಬರೂ ಬರೆದುಕೊಡಬೇಕು," ಎಂದರು ಉಪನಿರ್ದೇಶಕರು. "ಒಬ್ಬರದೇ ಅಂದರೆ ಇದು ಅವರ ಹೊಲದ ಬೆಳೆ ಆಗಿಬಿಡುತ್ತೆ."

ಕೆಂಚೇಗೌಡ ಅವರೆ ಸಾಲನ್ನು ನೋಡಿದ. ಪುಟ್ಟತಾಯಮ್ಮನೂ ನೋಡಿದಳು.

"ಬರೀ ಈ ಸಲಕ್ಕಾ ಸಾ?" ಎಂದ.

"ಈ ಸಲಕ್ಕೆ."

ಅವನು ಸಹಿ ಹಾಕಿದ. ಪುಟ್ಟತಾಯಮ್ಮ ಹಾಕಲಿಲ್ಲ. "ಮುಂದಿನ್ ಸಲಕ್ಕೂ ಬರೀರಿ," ಎಂದಳು. "ಅರ್ಧ ಕಾಯಿ ನಂಗೆ. ಇಲ್ದಿದ್ರೆ ನಂದೇನೋ ಸರಿ ಆಗದೆ, ನಾನು ಮನೆಗೋಯ್ತೀನಿ." ಅದನ್ನೂ ಬರೆದೆವು. ಅದು ನಮ್ಮ ಇಲಾಖೆಗೆ ಸಂಬಂಧಪಟ್ಟದ್ದಲ್ಲ. ಆದರೂ ಬರೆದೆವು.

ಮುಂದಿನ ದಿನಗಳಲ್ಲಿ ನಾನು ಮತ್ತು ಗ್ರಾಮ ಲೆಕ್ಕಿಗರು ಕೊಪ್ಪಲಿನ ದೇವಸ್ಥಾನದ ಜಗಲಿಯಲ್ಲಿ ಕೂತು ಬದುಗಳ ರಾಜಿ ಮಾಡಿಸಿದೆವು. ಆ ಊರಿನಲ್ಲಿ ಬದುವಿನ ಜಗಳವಿಲ್ಲದ ಅಕ್ಕಪಕ್ಕದವರೇ ಇರಲಿಲ್ಲ. ಒಬ್ಬನು ಅವರೆ ಇಬ್ಬರದು, ಬದು ಮಾತ್ರ ನನ್ನದು ಎಂದ. ನಮಗೆ ಬೇಕಾದದ್ದು ಅವರೆ, ಅವನು ಹೇಳಿದಂತೆ ಬರೆದುಕೊಂಡೆವು. ಇನ್ನೊಬ್ಬನು ಪಕ್ಕದವನು ಸಹಿ ಹಾಕುವಾಗ ತಾನು ಅಲ್ಲಿರುವುದಿಲ್ಲ ಎಂದ. ಅವನನ್ನು ಬೀಡಿ ಸೇದಲು ಕಳಿಸಿದೆವು. ರಸ್ತೆಗೆ ಅಂಟಿಕೊಂಡಿದ್ದ ಒಬ್ಬನ ಹೊಲದ ಬದುವಿನ ಮೇಲೆ ಅವರೆಯ ಬದಲು ಹಲಸಂದೆ ಇತ್ತು. ಅವನ ಹೊಲ ಹಲಸಂದೆ ಎಂದು ದಾಖಲಾಗಿತ್ತು, ರಸ್ತೆ ಕಡೆಯಿಂದ ತೆಗೆದ ಅದರ ಒಂದೇ ಫೋಟೋ ಪಕ್ಕದ ಯಾವ ಫೋಟೋಗೂ ಹೊಂದಲಿಲ್ಲ. ನಾನು ಹಾಸನಕ್ಕೆ ಎರಡು ಸಲ ಬರೆದೆ. ಆಗಲಿಲ್ಲ. ಅವನು ರಾಗಿಯನ್ನು ವ್ಯಾಪಾರಿಗೆ ಹಾಕಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾನೆ, ನನಗೆ ಹೇಗೋ ಆಗುತ್ತದೆ.

ಉಳಿದದ್ದೆಲ್ಲ ಸುಸೂತ್ರವಾಗಿ ನಡೆದು ರುದ್ರಪ್ಪ ಮತ್ತು ಮಲ್ಲೇಶನ ಬದುವಿನ ಹತ್ತಿರ ನಿಂತಿತು.

ಅವರು ಅಣ್ಣತಮ್ಮಂದಿರು. ಪಾಲಾದ ದಿನದಿಂದ ಮಾತು ಬಿಟ್ಟಿದ್ದರು. ಅಕ್ಕಪಕ್ಕದ ಮನೆ, ಅಕ್ಕಪಕ್ಕದ ಹೊಲ. ಅವರ ಬದುವಿನಾಚೆ ನಾಲೆಯವರೆಗೆ ಇನ್ನೂ ಹಲವು ಮನೆಗಳ ಹೊಲಗಳಿದ್ದವು. ಇವರಿಬ್ಬರು ಒಪ್ಪದಿದ್ದರೆ ಅವೆಲ್ಲ ಅವರೆಯಾಗಿಯೇ ಉಳಿಯುತ್ತಿದ್ದವು. ಖರೀದಿ ಕೇಂದ್ರದ ನೋಂದಣಿ ಆ ವಾರದ ಕೊನೆಗೆ ಮುಗಿಯುವುದಿತ್ತು.

ಅಣ್ಣ ರುದ್ರಪ್ಪನ ಹತ್ತಿರ ಹೋದೆ. "ತಮ್ಮ ಸಹಿ ಹಾಕೋ ಕಾಗ್ದಕ್ಕೆ ನಾನು ಹಾಕಲ್ಲ ಅಂತ ದೇವ್ರ ಮುಂದೆ ಯೋಳಿವ್ನಿ," ಎಂದ. ತಮ್ಮನ ಹತ್ತಿರ ಹೋದೆ. "ಅವ್ನು ಮೊದ್ಲು ಹಾಕ್ಲಿ," ಎಂದ ಮಲ್ಲೇಶ. ಅಣ್ಣನಿಗೆ ತಮ್ಮ ಹಾಕಬಾರದು, ತಮ್ಮನಿಗೆ ಅಣ್ಣ ಹಾಕಬೇಕು. ಊರಿನ ಹಿರಿಯರು ಹೇಳಿ ನೋಡಿದರು. ನಾಲೆ ಕಡೆಯವರು ಬೇಡಿಕೊಂಡರು, ಆಮೇಲೆ ಬೈದರು. ಇಬ್ಬರೂ ಕದಲಲಿಲ್ಲ. ಎರಡೂ ಪಕ್ಕದ ಬದು ಇತ್ಯರ್ಥವಾಗದೆ ಹೊಲದ ದಾಖಲೆ ತಿದ್ದುವಂತಿರಲಿಲ್ಲ, ಹಾಗಾಗಿ ಅವರಿಬ್ಬರ ರಾಗಿಯೂ ಹಾಳಾಗುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಇನ್ನೊಬ್ಬನದೂ ಹಾಳಾಗುತ್ತಿದೆಯಲ್ಲ ಎನ್ನುವುದು ಸಾಕಾಗಿತ್ತೇನೋ.

ಮಾರನೆಯ ದಿನ ಪುಟ್ಟತಾಯಮ್ಮನನ್ನು ಕರೆದುಕೊಂಡು ಮಲ್ಲೇಶನ ಮನೆಗೆ ಮತ್ತೆ ಹೋದೆ. ಅವಳೇ ಬರುತ್ತೇನೆ ಎಂದಳು. ಅವಳಿಗೆ ಅವಳದೇ ಕಾರಣವಿತ್ತು. ಕೆಲವರ ಮೂಟೆಗೆ ಟ್ರ್ಯಾಕ್ಟರು ಬಾಡಿಗೆ ಕೊಡುವುದು ದುಬಾರಿ, ನಾಲೆ ಕಡೆಯವರ ಮೂಟೆಗಳೂ ಸೇರಿದರೆ ಹಗುರ. ಇಬ್ಬರೂ ಜಗಲಿಯ ಮೇಲೆ ಕೂತೆವು. ಮಲ್ಲೇಶ ಕಂಬಕ್ಕೆ ಒರಗಿ ಹೇಳಿದ್ದನ್ನೇ ಹೇಳಿದ.

ಒಳಗಿನಿಂದ ಅವನ ಹೆಂಡತಿ ಶಾಂತಮ್ಮ ಮಜ್ಜಿಗೆ ತಂದಳು. ಅಲ್ಲಿಯವರೆಗೆ ನಾನು ಅವಳ ದನಿ ಕೇಳಿರಲಿಲ್ಲ. ಲೋಟ ಕೊಟ್ಟು ಒಳಗೆ ಹೋಗದೆ ಬಾಗಿಲಲ್ಲಿ ನಿಂತಳು.

"ಸಹಿ ಯಾರ್ದು ಬೇಕು ಮೇಡಂ?" ಎಂದಳು.

"ಖಾತೆದಾರರದ್ದು."

"ಖಾತೆ ನನ್ನೆಸ್ರಲ್ಲೈತೆ."

ಮಲ್ಲೇಶ ಅವಳನ್ನು ನೋಡಿದ. ಗ್ರಾಮ ಲೆಕ್ಕಿಗರಿಗೆ ಅಲ್ಲಿಂದಲೇ ಫೋನು ಮಾಡಿ ಕೇಳಿದೆ. ಪಹಣಿಯಲ್ಲಿ ಶಾಂತಮ್ಮ ಕೋಂ ಮಲ್ಲೇಶ ಎಂದು ಸ್ಪಷ್ಟವಾಗಿತ್ತು. ಶಾಂತಮ್ಮ, ಮಲ್ಲೇಶನ ಹೆಂಡತಿ ಎಂದು ಅರ್ಥ. ಆ ಕಾಗದವನ್ನು ನಾನೂ ನೋಡಿದ್ದೆ, ಅವರೂ ನೋಡಿದ್ದರು. ಕೋಂ ಎಂಬುದರ ನಂತರದ ಹೆಸರನ್ನು ಓದುವುದೇ ನಮಗೆಲ್ಲ ಅಭ್ಯಾಸವಾಗಿತ್ತು.

ವಿಷಯ ಇಷ್ಟೇ. ಬ್ಯಾಂಕಿಗೆ ನೇರ ಹಣ ಹಾಕುವ ಯೋಜನೆ ಬಂದ ಹೊಸದರಲ್ಲಿ, ಜಮೀನಿನ ಖಾತೆದಾರರು ಎಷ್ಟು ಜನರೋ ಅಷ್ಟು ಕಂತು ಎಂದು ಯಾರೋ ಮಲ್ಲೇಶನಿಗೆ ಹೇಳಿದ್ದರು. ಅವನು ಹಿತ್ತಿಲ ಹೊಲವನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡು, ಬದುವಿನ ಜಗಳದ ಹೊಲವನ್ನು ಹೆಂಡತಿಗೆ ದಾನಪತ್ರ ಮಾಡಿಸಿದ. ಯೋಜನೆಯಲ್ಲಿ ಗಂಡ ಹೆಂಡತಿ ಸೇರಿ ಒಂದೇ ಕುಟುಂಬ. ಎರಡನೆಯ ಹಣ ಬರಲಿಲ್ಲ. ಜಮೀನು ಮಾತ್ರ ಹೆಂಡತಿಯ ಹೆಸರಿನಲ್ಲಿ ಉಳಿಯಿತು. ಅವನು ಮರೆತಿದ್ದ.

"ನೀನೇನು ಮಾತಾಡ್ತಿಯಾ, ಒಳಿಕ್ಕೆ ಓಗು," ಎಂದ ಮಲ್ಲೇಶ. ದನಿಯಲ್ಲಿ ಜೋರಿರಲಿಲ್ಲ.

"ಅವತ್ತು ರಿಜಿಸ್ಟ್ರಾರ್ ಆಫೀಸ್ಗೆ ಕರ್ಕೊಂಡೋಗಿ ಹೆಬ್ಬೆಟ್ಟು ಒತ್ತು ಅಂದಿದ್ದು ನೀವೇ. ನಂಗೆ ಸಹಿ ಬತ್ತದೆ ಅಂದೆ, ಆಗ್ಲಿ ಹಾಕು ಅಂದ್ರಿ. ಹಾಕ್ದೆ. ಇವತ್ತೂ ಹಾಕ್ತೀನಿ." ನನ್ನ ಕಡೆ ತಿರುಗಿದಳು. "ಬಾವನ ಜೊತೆ ಇವ್ರಿಗೆ ಜಗಳ. ನಂದೂ ಅಕ್ಕುಂದೂ ಏನೂ ಇಲ್ಲ. ದಿನಾ ನೀರಿಗೆ ಒಟ್ಗೇ ಓಯ್ತೀವಿ. ಆ ಅವರೆ ಬೀಜ ನಾವಿಬ್ರೇ ಸೇರಿ ಹಾಕಿದ್ದು."

ಗಂಡಸರು ವರ್ಷಗಟ್ಟಲೆ ಯಾರದೆಂದು ಹೊಡೆದಾಡಿಕೊಂಡ ಸಾಲನ್ನು ಅವರ ಹೆಂಡತಿಯರು ಪ್ರತಿ ವರ್ಷ ಒಟ್ಟಿಗೆ ಬಿತ್ತಿ, ಒಟ್ಟಿಗೆ ಬಿಡಿಸಿ, ಹಂಚಿಕೊಳ್ಳುತ್ತಿದ್ದರು. ಇಬ್ಬರ ಮನೆಯಲ್ಲೂ ಆ ಸಾರೇ ಆಗುತ್ತಿತ್ತು.

ಶಾಂತಮ್ಮ ಜಗಲಿಯ ಅಂಚಿಗೆ ಕೂತು, ಪೆನ್ನು ಎರಡು ಸಲ ಗೀಚಿ ನೋಡಿ, ನಿಧಾನವಾಗಿ ಪೂರ್ತಿ ಹೆಸರು ಬರೆದಳು. ಮಲ್ಲೇಶ ಎದ್ದು ಹಿತ್ತಿಲಿಗೆ ಹೋದ. ನಾನು ಕಾಗದ ಹಿಡಿದು ಪಕ್ಕದ ಮನೆಗೆ ಹೋದೆ.

ರುದ್ರಪ್ಪ ಕಾಗದವನ್ನು ದೂರ ಹಿಡಿದು ನೋಡಿದ. "ತಮ್ಮ ಹಾಕಿಲ್ಲ ತಾನೇ?"

"ಇಲ್ಲ. ಶಾಂತಮ್ಮ ಹಾಕಿದ್ದಾರೆ."

"ಅಂಗಾದ್ರೆ ಕೊಡಿ," ಎಂದ. ದೇವರ ಮುಂದೆ ಹೇಳಿದ ಮಾತಿಗೆ ಅದರಿಂದ ಭಂಗ ಬರಲಿಲ್ಲ.

ಸಂಜೆಯ ಹೊತ್ತಿಗೆ ತಿದ್ದುಪಡಿ ನಾಲೆ ಮುಟ್ಟಿತು. ಉಪನಿರ್ದೇಶಕರು ಕಡತದ ಕೊನೆಗೆ ತಾವೇ ಒಂದು ಷರಾ ಬರೆದರು. "ಬದುವಿಗೆ ಎರಡು ಪಕ್ಕಗಳಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿರುತ್ತದೆ." ಇದಕ್ಕೆ ಮೇಲಿನಿಂದ ಯಾರೂ ಆಕ್ಷೇಪ ತೆಗೆಯಲಿಲ್ಲ. ನೋಂದಣಿ ಮುಗಿಯುವ ಮುಂಚೆ ಕೊಪ್ಪಲಿನವರು ಹೆಸರು ಬರೆಸಿದರು. ಖರೀದಿಯ ದಿನ ಪುಟ್ಟತಾಯಮ್ಮ ತನ್ನ ಮೂಟೆಗಳ ಮೇಲೆ ಕೂತು ಟ್ರ್ಯಾಕ್ಟರಿನಲ್ಲಿ ಹೋದಳು. ಕೆಂಚೇಗೌಡನ ಮೂಟೆಗಳೂ ಅದೇ ಟ್ರ್ಯಾಕ್ಟರಿನಲ್ಲಿದ್ದವು. ಅವನು ಸೈಕಲ್ಲಿನಲ್ಲಿ ಹಿಂದೆ ಹೋದ.

ಹಣ ಬಂದ ಮೇಲೆ ಮಲ್ಲೇಶ ನನ್ನ ಕಚೇರಿಗೆ ಬಂದ. ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದು, ಎಲ್ಲರೂ ಹೋದ ಮೇಲೆ ಒಳಗೆ ಬಂದ.

"ದುಡ್ಡು ಅವ್ಳ ಖಾತೆಗೆ ಬಿದ್ದದೆ ಮೇಡಂ."

"ಜಮೀನು ಅವರದಲ್ವಾ."

"ಮುಂದಿನ್ ಸಲ ನನ್ ಖಾತೆಗೆ ಬೀಳಂಗೆ ಮಾಡಕಾಯ್ತದಾ?"

"ಆಗುತ್ತೆ. ಅವರು ಜಮೀನನ್ನ ನಿಮ್ಮ ಹೆಸರಿಗೆ ಮಾಡಿಕೊಡಬೇಕು."

ಅವನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

"ಆಯ್ತು, ಕೇಳ್ನೋಡ್ತೀನಿ," ಎಂದು ಎದ್ದ.

ಕೇಳಿದನೋ ಇಲ್ಲವೋ ತಿಳಿಯದು. ಮುಂಗಾರು ಶುರುವಾದಾಗ, ನಾನು ನಿವೃತ್ತಳಾಗುವ ಸ್ವಲ್ಪ ಮುಂಚೆ, ಬಿತ್ತನೆ ಬೀಜದ ಸಾಲಿನಲ್ಲಿ ಶಾಂತಮ್ಮ ನಿಂತಿದ್ದಳು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಓರಗಿತ್ತಿಯೂ ಜೊತೆಗಿದ್ದಳು. ಪಹಣಿ, ಆಧಾರ್, ಪಾಸ್‌ಬುಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿತ್ತು.

"ಯಜಮಾನರು ಬರಲಿಲ್ವಾ?" ಎಂದು ಕೇಳಿದೆ.

"ಅವ್ರು ಹೊಲ ಉಳ್ತಾವ್ರೆ," ಎಂದಳು. "ಇಲ್ಲಿಗೆ ಖಾತೆದಾರ್ರೇ ಬರ್ಬೇಕಲ್ವಾ ಮೇಡಂ."